ಮೂರನೆಯ ಕುದುರೆ

“ಅದು ನನ್ನದಲ್ಲ,” ಎಂದ ವೆಂಕಟಗಿರಿ.

ದನಿ ಏರಿಸಿ ಹೇಳಿದ ಮಾತಲ್ಲ. ಆದರೂ ಮಾಗಡಿ ರಸ್ತೆಯ ಆ ಛತ್ರದಲ್ಲಿ ಒತ್ತೊತ್ತಾಗಿ ಕೂತಿದ್ದ ಇನ್ನೂರು ಜನಕ್ಕೂ ಕೇಳಿಸಿತು. ಕಾಫಿ ಲೋಟ ಎತ್ತಿದವರ ಕೈ ಅಲ್ಲೇ ನಿಂತಿತು.

ವೇದಿಕೆಯ ಮೇಲೆ ತೀರ್ಪುಗಾರ ಚನ್ನಕೇಶವ ನಿಂತಿದ್ದರು. ಈಗಷ್ಟೇ ಬದಿಯ ಅಂಚು ಕತ್ತರಿಸಿ ತೆರೆದ ಲಕೋಟೆ ಒಂದು ಕೈಯಲ್ಲಿ, ಅದರೊಳಗಿಂದ ಬಂದ ಚೀಟಿ ಇನ್ನೊಂದು ಕೈಯಲ್ಲಿ. ಅವರು ವೃತ್ತಿಯಲ್ಲಿ ವಕೀಲರು, ಒಂದು ಮಾತನ್ನು ಎರಡು ಸಲ ಕೇಳಿ ಖಚಿತ ಮಾಡಿಕೊಳ್ಳುವ ಅಭ್ಯಾಸದವರು. ಏನು ಹೇಳಿದಿರಿ ಎಂದು ಮತ್ತೆ ಕೇಳಿದರು.

“ಆ ಚೀಟಿ ನಾನು ಬರೆದದ್ದಲ್ಲ ಸಾರ್.”

ಅಷ್ಟು ಹೇಳಿ ವೆಂಕಟಗಿರಿ ತಲೆ ಎತ್ತಿದ. ಅವನ ಕಣ್ಣು ತೀರ್ಪುಗಾರರ ಕಡೆಗಾಗಲಿ, ಎದುರಾಳಿಯ ಕಡೆಗಾಗಲಿ ಹೋಗಲಿಲ್ಲ. ಮೂರನೆಯ ಸಾಲಿನ ಕೊನೆಯ ಕುರ್ಚಿಯತ್ತ ಹೋಯಿತು. ಆ ಕುರ್ಚಿ ಖಾಲಿಯಿತ್ತು. ಯಾರೋ ಜಾಗ ಹಿಡಿದಿಟ್ಟು ಹೋಗಿದ್ದ ಗುರುತಿಗೆ ಬಿದಿರಿನ ಹಿಡಿಯ ಕರಿ ಛತ್ರಿಯೊಂದು ಅದರ ಮೇಲೆ ಅಡ್ಡ ಮಲಗಿತ್ತು.

ಹಿಂದಿನ ಗೋಡೆಗೆ ಒರಗಿ ನಿಂತಿದ್ದ ಮುನಿವೆಂಕಟಪ್ಪ ಇದನ್ನು ಗಮನಿಸಿದರು. ಸದ್ಯಕ್ಕೆ ಅರ್ಥವಾಗದ ಸಂಗತಿಗಳನ್ನು ಅವರು ಮನಸ್ಸಿನಲ್ಲಿ ಒಂದು ಖಾನೆಯಲ್ಲಿ ಹಾಕಿಡುತ್ತಿದ್ದರು. ಇದೂ ಅಲ್ಲಿಗೇ ಹೋಯಿತು.

ಒಂದಾಗಿ ಮೂರು ತಿಂಗಳೂ ತುಂಬದ ಹೊಸ ಮೈಸೂರು ರಾಜ್ಯಕ್ಕೆ ಮೊದಲ ಚದುರಂಗ ಚಾಂಪಿಯನ್ ಯಾರು ಎಂದು ತೀರ್ಮಾನಿಸುವ ಪಂದ್ಯ ಅದು. ಹನ್ನೆರಡು ಆಟ. ಹನ್ನೊಂದು ಮುಗಿದಾಗ ಧಾರವಾಡದ ಗಣಿತದ ಮೇಷ್ಟರು ಪಂಚಾಕ್ಷರಿಯೂ ಬಿನ್ನಿಪೇಟೆಯ ಮಗ್ಗದ ಕೆಲಸಗಾರ ವೆಂಕಟಗಿರಿಯೂ ಸಮಸಮ ನಿಂತಿದ್ದರು. ಹನ್ನೆರಡನೆಯದು ನಿನ್ನೆ ಶನಿವಾರ ಸಂಜೆ ಮುಗಿಯದೆ ಉಳಿಯಿತು.

ಹಾಗೆ ಉಳಿದಾಗ ನಡೆಸುವ ಸರದಿ ಯಾರದೋ ಅವನು ಮುಂದಿನ ನಡೆಯನ್ನು ಮಣೆಯ ಮೇಲೆ ತೋರಿಸುವುದಿಲ್ಲ. ಚೀಟಿಯಲ್ಲಿ ಬರೆದು ಲಕೋಟೆಗೆ ಹಾಕುತ್ತಾನೆ. ಲಕೋಟೆಯ ಮೇಲೆ ಇಬ್ಬರ ರುಜು, ತೀರ್ಪುಗಾರರ ಅರಗಿನ ಮುದ್ರೆ. ಮರುದಿನ ಎಲ್ಲರೆದುರು ಒಡೆದು ಓದುತ್ತಾರೆ. ಬರೆದದ್ದನ್ನೇ ಆಡಬೇಕು, ಬದಲಾಯಿಸುವ ಹಾಗಿಲ್ಲ.

ಸರದಿ ವೆಂಕಟಗಿರಿಯದಾಗಿತ್ತು. ಅವನು ಬರೆಯಬೇಕಾದ ನಡೆ ಯಾವುದೆಂದು ಛತ್ರದ ಗೇಟಿನಲ್ಲಿ ಕಡಲೆಕಾಯಿ ಮಾರುವವನಿಗೂ ಗೊತ್ತಿತ್ತು. ಬಿಳಿಯ ಕಾಲಾಳು ಕುದುರೆಯ ಸಾಲಿನಲ್ಲಿ ಏಳನೆಯ ಮನೆಗೆ ಬಂದು ಕೊನೆಯ ಮನೆಯ ಬಾಗಿಲಲ್ಲಿ ನಿಂತಿತ್ತು. ಒಂದು ಹೆಜ್ಜೆ ಇಟ್ಟರೆ ಅದು ಬೇಕಾದ ಕಾಯಿಯಾಗಿ ಬದಲಾಗಬಹುದು. ಅದನ್ನು ಮಂತ್ರಿ ಮಾಡಿಕೊಂಡರೆ ಆಟ ಮುಗಿದ ಹಾಗೆ. ಪಂಚಾಕ್ಷರಿಯ ಕಾಲಾಳೂ ಆ ಕಡೆಯಿಂದ ಓಡಿ ಬರುತ್ತಿತ್ತು. ಅದನ್ನು ತಡೆದು ನಿಲ್ಲಿಸುವ ಶಕ್ತಿ ಮಂತ್ರಿಗೆ ಮಾತ್ರ ಇತ್ತು.

ಚೀಟಿಯಲ್ಲಿದ್ದದ್ದು ಬೇರೆ. ಚನ್ನಕೇಶವ ಓದಿದ್ದು ಹೀಗೆ: “ಕಾಲಾಳು ಕೊನೇ ಮನೆಗೆ. ಕುದುರೆ.”

ಸಭೆಯಲ್ಲಿ ಗುಸುಗುಸು ಎದ್ದಿತು. ಯಾರೋ ಯುವಕ ಪಕ್ಕದವನಿಗೆ ಹೇಳುತ್ತಿದ್ದ: “ಮಿಲ್ ಆಟ ಕಣೋ. ಎಷ್ಟ್ ಟೈ ಕಟ್ಟಿದ್ರೂ ಕೈ ಹಳೇದನ್ನೇ ಆಡ್ತದೆ.” ಅಲ್ಲಲ್ಲಿ ನಗು.

ಆ ನಗುವಿಗೆ ಕಾರಣವಿತ್ತು. ನಮ್ಮ ಕಡೆಯ ಹಳೆಯ ದೇಶೀ ಆಟದಲ್ಲಿ ಕೊನೆಯ ಮನೆ ಮುಟ್ಟಿದ ಕಾಲಾಳು ಬೇಕಾದ್ದು ಆಗುವುದಿಲ್ಲ. ಯಾವ ಸಾಲಿನಲ್ಲಿ ಹೋಯಿತೋ ಆ ಸಾಲಿನ ಕಾಯಿಯೇ ಆಗುತ್ತದೆ. ಕುದುರೆಯ ಸಾಲಿನಲ್ಲಿ ಹೋದರೆ ಕುದುರೆ. ವೆಂಕಟಗಿರಿ ಆ ಆಟ ಆಡುತ್ತಲೇ ಬೆಳೆದವನು. ಒತ್ತಡದಲ್ಲಿ ಹಳೆಯ ಅಭ್ಯಾಸ ಎದ್ದು ಬಂದು ಕೆಡಿಸಿತು, ಈಗ ನಾಚಿಕೆಯಿಂದ ಅಲ್ಲ ಎನ್ನುತ್ತಿದ್ದಾನೆ. ಇನ್ನೂರು ಜನರಲ್ಲಿ ನೂರೆಂಬತ್ತು ಜನ ಹಾಗೆಯೇ ತಿಳಿದರು.

ಚನ್ನಕೇಶವರ ಮಾತು ಕಠಿಣವಾಗಿತ್ತು, ಅನ್ಯಾಯವಾಗಿರಲಿಲ್ಲ. ಮುದ್ರೆ ಒಡೆದಿಲ್ಲ, ಲಕೋಟೆಯ ಮೇಲಿನ ರುಜು ನಿಮ್ಮದೇ ಎಂದರು. ಚೀಟಿ ಬದಲಾಗಿದೆ ಎಂದು ಇವತ್ತು ಸಂಜೆ ಆರರೊಳಗೆ ಸಾಬೀತಾಗಬೇಕು. ಆಗದಿದ್ದರೆ ತಾನೇ ಬರೆದ ನಡೆಯನ್ನು ತಾನೇ ಅಲ್ಲಗಳೆದ ಆಟಗಾರ ಎಂದು ಬರೆದು ಹೆಸರು ಹೊಡೆದುಹಾಕಬೇಕಾಗುತ್ತದೆ. ಈ ಪಂದ್ಯದಿಂದ ಮಾತ್ರವಲ್ಲ, ಎಲ್ಲ ಪಂದ್ಯದಿಂದಲೂ.

ಪಂಚಾಕ್ಷರಿ ಎದ್ದು ನಿಂತರು. ಬಿಳಿ ಪಂಚೆ, ಮುಚ್ಚಿದ ಕೋಟು, ಹಣೆಯ ಮೇಲೆ ವಿಭೂತಿ. “ಇಂಥಾ ಗೆಲುವು ನನಗ ಬ್ಯಾಡ್ರಿ,” ಎಂದರು. “ಖರೇ ಏನದ ಅದು ಹೊರಗ ಬರ್ಲಿ. ನಾ ಕಾಯ್ತೀನಿ.”

ಆಗ ವೇದಿಕೆಯ ಪಕ್ಕ, ಕಚೇರಿಯ ಬೀರುವಿನ ಬೀಗದ ಕೈ ಹಿಡಿದು ನಿಂತಿದ್ದ ಸಿದ್ದಬಸಪ್ಪನವರು ಮುಂದೆ ಬಂದರು. ಛತ್ರ ಕಟ್ಟಿಸಿದವರು ಅವರು, ಗೆದ್ದವನಿಗೆ ಸಿಗುವ ಬೆಳ್ಳಿಯ ಕಪ್ಪು ಕೊಟ್ಟವರೂ ಅವರೇ. ಪೇಟೆಯಲ್ಲಿ ಬಟ್ಟೆ ವ್ಯಾಪಾರ. ಹಿಂದಿನ ಗೋಡೆಯ ಕಡೆ ಕೈ ತೋರಿಸಿ, ಮುನಿವೆಂಕಟಪ್ಪನವರು ಇಲ್ಲೇ ಇರುವಾಗ ನಾವು ತಲೆ ಕೆಡಿಸಿಕೊಳ್ಳುವುದೇಕೆ ಎಂದರು.

“ಮೂಲ ಚೀಟಿ ಇದ್ರೆ ಅದನ್ನ ಹುಡುಕಿ ಕೊಡ್ರಿ. ಅದ್ರಾಗೆ ಏನೇ ಇರ್ಲಿ, ಎಲ್ಲಾರ ಮುಂದೆ ಓದಿಬಿಡಾಣ.”

ದೊಡ್ಡ ಮನುಷ್ಯರ ಮಾತು ಎಂದುಕೊಂಡರು ಮುನಿವೆಂಕಟಪ್ಪ. ಗೋಡೆ ಬಿಟ್ಟು ಮುಂದೆ ನಡೆದರು.

*

ಮೂವತ್ತು ವರ್ಷ ಅವರು ಅಂಚೆ ಇಲಾಖೆಯಲ್ಲಿದ್ದವರು. ಅದೂ ವಿಳಾಸ ಸಿಗದ ಕಾಗದಗಳ ಕಚೇರಿಯಲ್ಲಿ. ಊರು ಬಿಟ್ಟವರಿಗೆ, ಸತ್ತವರಿಗೆ, ಇಲ್ಲವೇ ಇಲ್ಲದವರಿಗೆ ಬರೆದ ಕಾಗದಗಳು ಅಲ್ಲಿಗೆ ಬರುತ್ತಿದ್ದವು. ಅವನ್ನು ಒಡೆದು ಓದಿ, ಬರೆದವರು ಯಾರೆಂದು ಪತ್ತೆ ಮಾಡಿ ಹಿಂದಕ್ಕೆ ಕಳಿಸುವುದು ಕೆಲಸ. ನಿವೃತ್ತಿಯಾದ ಮೇಲೆ ಕೇತಮಾರನಹಳ್ಳಿಯ ಮನೆಯಲ್ಲಿ, ತಮ್ಮ ರಾಗಿ ಹೊಲದಲ್ಲಿ ಸೈಟಿನ ಕಲ್ಲು ನೆಟ್ಟು ರಾಜಾಜಿನಗರ ಏಳುವುದನ್ನು ನೋಡುತ್ತ ಕೂತಿದ್ದರು. ಜನ ಬಿಡಲಿಲ್ಲ. ಕಾಣೆಯಾದದ್ದನ್ನೆಲ್ಲ ಹುಡುಕಿಕೊಡಿ ಎಂದು ಬರುತ್ತಿದ್ದರು.

ಛತ್ರದ ಕಚೇರಿ ಕೋಣೆಯಲ್ಲಿ ಲಕೋಟೆಯನ್ನು ಮೇಜಿನ ಮೇಲಿಟ್ಟುಕೊಂಡು ಅವರು ಐದು ನಿಮಿಷ ಅದನ್ನು ಮುಟ್ಟಲಿಲ್ಲ. ಬರೀ ನೋಡಿದರು.

ಅರಗು ಸರಿಯಾಗಿತ್ತು. ಚನ್ನಕೇಶವರ ಹಿತ್ತಾಳೆ ಮುದ್ರೆಯ ಗುರುತು ಅಚ್ಚಾಗಿ ಮೂಡಿತ್ತು. ಅದರಿಂದ ಮುನಿವೆಂಕಟಪ್ಪನವರಿಗೆ ಏನೂ ಅನ್ನಿಸಲಿಲ್ಲ. ಕಾಗದ ಕದಿಯುವವರು ಅರಗಿಗೆ ಕೈ ಹಾಕಿದ್ದನ್ನು ಅವರು ಇಡೀ ಸೇವೆಯಲ್ಲಿ ನೋಡಿದ್ದು ಎರಡೇ ಸಲ. ಇಬ್ಬರೂ ಹೊಸಬರಾಗಿದ್ದರು.

ಲಕೋಟೆಯನ್ನು ತಿರುಗಿಸಿ ಕೆಳಗಿನ ಅಂಟನ್ನು ಬೆಳಕಿಗೆ ಹಿಡಿದರು. ಕಾರ್ಖಾನೆಯಲ್ಲಿ ಹಚ್ಚಿದ ಗೋಂದು ತೆಳ್ಳಗೆ, ಹೊಳೆಯುವ ಹಾಗೆ ಇರುತ್ತದೆ. ಇಲ್ಲಿ ಕೆಳಗಿನ ಅಂಚಿನ ಉದ್ದಕ್ಕೂ ಕಂದು ಬಣ್ಣದ್ದೇನೋ ಇತ್ತು. ಉಗುರಿನಿಂದ ಕೆರೆದರು. ತರಿತರಿಯಾಗಿ ಬಂತು. ನಾಲಿಗೆಯ ತುದಿಗೆ ಮುಟ್ಟಿಸಿ ನೋಡಿದರು.

ಹುಣಸೆ ಬೀಜದ ಸರಿ. ಬೀಜ ಹುರಿದು, ಸಿಪ್ಪೆ ತೆಗೆದು, ಬೀಸಿ, ನೀರಲ್ಲಿ ಕಾಯಿಸಿ ಮಾಡುವ ಅಂಟು.

ಅಲ್ಲಿಗೆ ಒಂದು ಮಾತು ಖಚಿತವಾಯಿತು. ವೆಂಕಟಗಿರಿ ಸುಳ್ಳು ಹೇಳುತ್ತಿಲ್ಲ. ಲಕೋಟೆಯನ್ನು ಯಾರೋ ಆವಿಗೆ ಹಿಡಿದು ಕೆಳಗಿನಿಂದ ಬಿಡಿಸಿದ್ದಾರೆ, ಒಳಗಿನದನ್ನು ತೆಗೆದು ಬೇರೆ ಹಾಕಿದ್ದಾರೆ, ಮತ್ತೆ ಅಂಟಿಸಿದ್ದಾರೆ.

ಯಾರು? ರಾತ್ರಿ ಲಕೋಟೆ ಇಟ್ಟಿದ್ದ ಬೀರುವಿನ ಬೀಗದ ಕೈ ಸಿದ್ದಬಸಪ್ಪನವರ ಸೊಂಟದಲ್ಲಿ. ಬೆಳಿಗ್ಗೆ ಆರಕ್ಕೆ ಒಂದು ಗಂಟೆಯ ಹೊತ್ತು ಮಾತ್ರ ಅದು ಛತ್ರ ನೋಡಿಕೊಳ್ಳುವ ಮೇಸ್ತ್ರಿ ಹನುಮಯ್ಯನ ಕೈಗೆ ಹೋಗುತ್ತಿತ್ತು. ದೇವರ ಬೆಳ್ಳಿ ದೀಪ ಅದೇ ಬೀರುವಿನಲ್ಲಿತ್ತು. ಮುದ್ರೆ ಚನ್ನಕೇಶವರ ಜೇಬಿನಲ್ಲಿ. ಅಷ್ಟೇ ಜನ. ಮೂವರು.

ಅವರು ವೆಂಕಟಗಿರಿಯನ್ನು ಕರೆಸಿದರು.

ಮೂವತ್ತೈದರ ಆಸುಪಾಸಿನ ತೆಳ್ಳನೆಯ ಆಳು. ಮಗ್ಗದ ನೂಲಿನಿಂದ ಬೆರಳ ತುದಿಗಳಲ್ಲಿ ಸಣ್ಣ ಗೆರೆಗಳು ಬಿದ್ದಿದ್ದವು. ಪಂದ್ಯಕ್ಕೆಂದು ಹೊಲಿಸಿದ ಕೋಟು ಭುಜದ ಹತ್ತಿರ ಬಿಗಿಯಾಗಿತ್ತು. ಕೂತುಕೊಳ್ಳಿ ಎಂದರೂ ಕೂರಲಿಲ್ಲ.

ಲಕೋಟೆ ಬಿಚ್ಚಿದ್ದಾರೆ, ನೀವು ಹೇಳಿದ್ದು ನಿಜ ಎಂದು ಮುನಿವೆಂಕಟಪ್ಪ ತಿಳಿಸಿದರು. ಹಾಗೆ ಕೇಳಿದ ಮನುಷ್ಯನಿಗೆ ನಿಟ್ಟುಸಿರು ಬರಬೇಕು. ವೆಂಕಟಗಿರಿಗೆ ಬರಲಿಲ್ಲ. ಅವನ ಮುಖ ಇನ್ನೂ ಬಿಗಿಯಾಯಿತು.

“ಹಾಗಾದ್ರೆ ನೀವು ಬರೆದಿದ್ದೇನಪ್ಪ?”

ವೆಂಕಟಗಿರಿ ಕಿಟಕಿಯಾಚೆ ನೋಡಿದ. ದೂರದಲ್ಲಿ ಗಿರಣಿಯ ಚಿಮಣಿ ಕಾಣುತ್ತಿತ್ತು. ಭಾನುವಾರ, ಹೊಗೆ ಇರಲಿಲ್ಲ.

“ಅದು ನನ್ನದಲ್ಲ ಸಾರ್. ಅಷ್ಟೇ ಹೇಳಬಲ್ಲೆ.”

ಇನ್ನೊಂದು ಸಲ ಕೇಳಿದರು. ಅದೇ ಉತ್ತರ. ಮೂರನೆಯ ಸಲ ಅವರು ಕೇಳಲಿಲ್ಲ. ಕಾಗದಗಳ ನಡುವೆ ಇದ್ದು ಅವರಿಗೊಂದು ಅಭ್ಯಾಸ ಅಂಟಿಕೊಂಡಿತ್ತು. ಬರೆದ ಸಾಲಿಗಿಂತ ಬರೆಯದೆ ಬಿಟ್ಟ ಸಾಲಿನ ಮೇಲೆ ಕಣ್ಣು ಹೋಗುತ್ತಿತ್ತು. ಮಗನಿಗೆ ಬರೆದ ನಾಲ್ಕು ಪುಟದ ಕಾಗದದಲ್ಲಿ ಸೊಸೆಯ ಹೆಸರೇ ಇಲ್ಲದಿದ್ದರೆ ಆ ಮನೆಯ ಕತೆಯೆಲ್ಲ ಅಲ್ಲೇ ಇರುತ್ತಿತ್ತು. ಈ ಮನುಷ್ಯ ನಾಲ್ಕಕ್ಕೆ ಲಕೋಟೆ ತೆರೆದಾಗಿನಿಂದ ಒಂದೇ ಮಾತು ಹೇಳುತ್ತಿದ್ದಾನೆ, ಅದು ನನ್ನದಲ್ಲ ಎಂದು. ನನ್ನದು ಇದು ಎಂದು ಒಮ್ಮೆಯೂ ಹೇಳಿಲ್ಲ.

ಅದನ್ನೂ ಆ ಖಾನೆಗೆ ಹಾಕಿದರು. ಗಡಿಯಾರದಲ್ಲಿ ಐದಕ್ಕೆ ಹತ್ತು ನಿಮಿಷವಿತ್ತು.

*

ಛತ್ರದ ಬಾಗಿಲ ಪಕ್ಕದ ಗೋಡೆಗೆ ಪಂದ್ಯದ ಪ್ರಕಟಣೆ ಅಂಟಿಸಿದ್ದರು. ಕೆಂಪು ಅಕ್ಷರ, ಇಬ್ಬರ ಹೆಸರು, ನಡುವೆ ಬೆಳ್ಳಿ ಕಪ್ಪಿನ ಚಿತ್ರ. ಮುನಿವೆಂಕಟಪ್ಪ ಅದರ ಮೂಲೆಯನ್ನು ಉಗುರಿನಲ್ಲಿ ಎಬ್ಬಿಸಿದರು. ಕೆಳಗೆ ಕಂದು ಬಣ್ಣದ ತರಿ.

ಯಾರು ಅಂಟಿಸಿದ್ದು ಎಂದು ಕೇಳುವ ಅಗತ್ಯ ಬೀಳಲಿಲ್ಲ. ಕಡಲೆಕಾಯಿಯವನು ತಾನಾಗಿಯೇ ಹೇಳಿದ: ಮೇಸ್ತ್ರಿ ಹನುಮಯ್ಯನದೇ ಸ್ವಾಮಿ, ಮಳೆ ಬಂದ್ರೂ ಬಿಡೋದಿಲ್ಲ, ಮಿಲ್ಲಿನ ಗಂಜಿ ಖಾತೆಯಲ್ಲಿ ಇಪ್ಪತ್ತಾರು ವರ್ಷ ನೂಲಿಗೆ ಗಂಜಿ ಕಾಯಿಸಿದೋರು, ಅವರ ಕೈ ಅಂಟು ಅಂದ್ರೆ ಅಂಟು.

ಹನುಮಯ್ಯ ಹಿತ್ತಿಲ ಬಚ್ಚಲಿನ ಪಕ್ಕ, ತಾಮ್ರದ ಹಂಡೆಗೆ ಹುಣಸೆಹಣ್ಣು ಹಚ್ಚಿ ಉಜ್ಜುತ್ತಿದ್ದ. ಅರವತ್ತರ ಹತ್ತಿರದ ಗಟ್ಟಿ ಆಳು. ಬಲಗೈಯ ಎರಡು ಬೆರಳು ಗಿರಣಿಗೆ ಹೋಗಿದ್ದವು. ಮುನಿವೆಂಕಟಪ್ಪ ಬಾವಿಯ ಕಟ್ಟೆಯ ಮೇಲೆ ಕೂತರು. ಹಂಡೆ ಉಜ್ಜುವ ಸದ್ದು ನಿಧಾನವಾಗುತ್ತ ಬಂದು ಕೊನೆಗೆ ನಿಂತಿತು.

ಮುನಿವೆಂಕಟಪ್ಪ ಆಟದ ವಿಷಯ ಎತ್ತಿದರು. ನೀವೂ ಆಡುತ್ತಿದ್ದಿರಾ ಎಂದು ಕೇಳಿದರು. ಇಲ್ಲ ಸ್ವಾಮಿ, ನಾನು ನೋಡುವವನು ಎಂದ ಹನುಮಯ್ಯ. ಗಿರಣಿಯಲ್ಲಿ ಊಟಕ್ಕೆ ಅರ್ಧ ಗಂಟೆ. ಹತ್ತು ನಿಮಿಷದಲ್ಲಿ ಮುದ್ದೆ ನುಂಗಿ ವೆಂಕಟಗಿರಿ ಬೇವಿನ ಮರದ ಕೆಳಗೆ ಮಣೆ ಹಾಸುತ್ತಿದ್ದ. ಎದುರಿಗೆ ಯಾರು ಕೂತರೂ ಸೋಲಿಸುತ್ತಿದ್ದ. ಹನುಮಯ್ಯ ಗಂಜಿ ಮೆತ್ತಿದ ಕೈ ಒರೆಸಿಕೊಂಡು ಅವನ ಹಿಂದೆ ನಿಲ್ಲುತ್ತಿದ್ದ. ಹದಿನಾಲ್ಕು ವರ್ಷ ಹಾಗೆ ನಿಂತು ನೋಡಿದ್ದ. ಹೇಳುತ್ತ ಹೇಳುತ್ತ ಅವನ ಮುಖ ಬೆಳಗಿತು.

“ಹನುಮಯ್ಯನೋರೆ, ಕುದುರೆ ಸಾಲಲ್ಲಿ ಕಾಲಾಳು ಕೊನೇ ಮನೆಗೆ ಹೋದ್ರೆ ಏನಾಗ್ತದೆ?”

“ಕುದುರೆ ಆಗ್ತದೆ. ಅದ್ಯಾರಿಗ್ ಗೊತ್ತಿಲ್ಲ ಸ್ವಾಮಿ.”

“ಎರಡೂ ಕುದುರೆ ಮಣೆ ಮೇಲೇ ಇದ್ರೆ?”

ಹನುಮಯ್ಯ ಹುಣಸೆಹಣ್ಣು ಕೆಳಗಿಟ್ಟ.

ಮುನಿವೆಂಕಟಪ್ಪ ಕೇತಮಾರನಹಳ್ಳಿಯ ಅರಳಿಕಟ್ಟೆಯ ಮೇಲೆ ಆ ಆಟ ಕಲಿತವರು. ನಿಧಾನವಾಗಿ ಹೇಳಿದರು: “ಎರಡು ಕುದುರೆ ಬದುಕಿರೋವಾಗ ಮೂರನೇದು ಹುಟ್ಟೋ ಹಾಗಿಲ್ಲ. ಒಂದು ಸಾಯೋ ತನಕ ಕಾಲಾಳು ಬಾಗಿಲಲ್ಲೇ ಕಾದು ನಿಲ್ಬೇಕು. ಕಟ್ಟೆ ಮೇಲೆ ಆಡಿದ ಎಂಟು ವರ್ಷದ ಹುಡುಗನಿಗೂ ಇದು ಗೊತ್ತು.”

ನಿನ್ನೆಯ ಮಣೆಯ ಮೇಲೆ ವೆಂಕಟಗಿರಿಯ ಎರಡು ಕುದುರೆಯೂ ಜೀವಂತವಾಗಿದ್ದವು. ಅವನ ಕೈ ಹಳೆಯ ಆಟಕ್ಕೆ ಜಾರಿದ್ದರೆ ಆ ಕಾಲಾಳನ್ನು ಅವನು ಮುಟ್ಟುತ್ತಲೇ ಇರಲಿಲ್ಲ. ಹೊಸ ಆಟದಲ್ಲಾದರೆ ಮಂತ್ರಿ ಎಂದು ಬರೆಯುತ್ತಿದ್ದ. ಕುದುರೆ ಎಂದು ಬರೆಯಬಲ್ಲವನು ಹಳೆಯ ಆಟವನ್ನು ಅರ್ಧ ಮಾತ್ರ ತಿಳಿದವನು. ಚನ್ನಕೇಶವರಿಗೆ ಹೊಸ ಆಟ ಪೂರ್ತಿ ಗೊತ್ತು. ಸಿದ್ದಬಸಪ್ಪನವರಿಗೆ ಯಾವ ಆಟವೂ ಗೊತ್ತಿಲ್ಲ.

“ಮಿಲ್ಲಲ್ಲಿ ಆಟ ಮುಗಿಯೋದಕ್ಕೆ ಮೊದಲೇ ಕೂಗು ಆಗ್ತಿತ್ತು, ಅಲ್ವಾ?” ಎಂದರು ಮುನಿವೆಂಕಟಪ್ಪ.

ಹನುಮಯ್ಯ ತಲೆಯಾಡಿಸಿದ. ಯಾವಾಗಲೂ ಹಾಗೆಯೇ ಆಗುತ್ತಿತ್ತು. ಆಟ ಬಿಸಿಯಾದ ಹೊತ್ತಿಗೆ ಸೈರನ್. ಕಾಯಿಗಳನ್ನೆಲ್ಲ ಚೀಲಕ್ಕೆ ಗುಡಿಸಿಕೊಂಡು ಓಡುವುದು. ಕಾಲಾಳು ಕೊನೆಯ ಮನೆ ಮುಟ್ಟಿದ್ದನ್ನು ಹದಿನಾಲ್ಕು ವರ್ಷದಲ್ಲಿ ಅವನು ನೋಡಿದ್ದು ನಾಲ್ಕೈದು ಸಲ ಇರಬಹುದು. ಅಷ್ಟು ಹೊತ್ತಿಗೆ ಕುದುರೆಗಳು ಸತ್ತಿರುತ್ತಿದ್ದವು. ಬದುಕಿದ್ದರೆ ಏನು ಎಂಬ ಪ್ರಶ್ನೆಯೇ ಅವನಿಗೆ ಬಂದಿರಲಿಲ್ಲ.

“ನಾನು ಕೆಡಿಸಿಬಿಟ್ನಾ ಸ್ವಾಮಿ?” ಎಂದ.

ಹನುಮಯ್ಯ ಹುಣಸೆಹಣ್ಣಿನ ಕೈಯನ್ನು ಪಂಚೆಗೆ ಒರೆಸಿಕೊಂಡ, ಮತ್ತೆ ಒರೆಸಿಕೊಂಡ. ನಂತರ ಎಲ್ಲವನ್ನೂ ಹೇಳಿದ. ಬೆಳಿಗ್ಗೆ ದೀಪ ತೆಗೆಯುವಾಗ ಲಕೋಟೆ ತೆಗೆದದ್ದು, ಸ್ನಾನದ ಹಂಡೆಯ ಆವಿಗೆ ಹಿಡಿದದ್ದು, ಆಟಗಾರರ ಮೇಜಿನ ಮೇಲಿದ್ದ ಪುಸ್ತಕದಿಂದಲೇ ಒಂದು ಹಾಳೆ ಹರಿದು ಬರೆದದ್ದು. ಇಬ್ಬರೂ ಗಿರಣಿಯ ರಾತ್ರಿ ಶಾಲೆಯಲ್ಲಿ ಒಬ್ಬನೇ ಮೇಷ್ಟರ ಹತ್ತಿರ ತಿದ್ದಿದವರು. ಅಕ್ಷರ ಒಂದೇ ಥರ ಉರುಟು. ಯಾರಿಗೂ ಗೊತ್ತಾಗುವುದಿಲ್ಲ ಎಂದುಕೊಂಡಿದ್ದ.

ವೆಂಕಟಗಿರಿಯನ್ನು ಸೋಲಿಸಲು ಯಾರು ಹೇಳಿದರು ಎಂದು ಮುನಿವೆಂಕಟಪ್ಪ ಕೇಳಿದರು.

ಹನುಮಯ್ಯ ಅವರನ್ನು ದಿಟ್ಟಿಸಿದ. ಆ ನೋಟದಲ್ಲಿ ಸಿಕ್ಕಿಬಿದ್ದವನ ಭಯ ಇರಲಿಲ್ಲ. ಬೈಸಿಕೊಂಡವನ ಸಿಟ್ಟಿತ್ತು.

“ಸೋಲ್ಸೋಕಾ? ನಾನಾ?” ಎಂದ. “ಗೆಲ್ಲಲಿ ಅಂತ ಮಾಡಿದ್ದು ಸ್ವಾಮಿ.”

ಬಾವಿಯ ಗಡಗಡೆಯ ಮೇಲೆ ಕೂತಿದ್ದ ಕಾಗೆ ಹಾರಿಹೋಯಿತು.

ನಿನ್ನೆ ಸಂಜೆ, ಲಕೋಟೆಗೆ ಮುದ್ರೆ ಬಿದ್ದ ಮೇಲೆ, ಎಲ್ಲರೂ ಹೋದ ಮೇಲೆ, ವೆಂಕಟಗಿರಿ ಇದೇ ಕಟ್ಟೆಯ ಮೇಲೆ ಬಂದು ಕೂತಿದ್ದನಂತೆ. ಹನುಮಯ್ಯ ಶಹಬ್ಬಾಸ್ ಹೇಳಲು ಕಾಫಿ ತಂದಿದ್ದ. ನೋಡಿದರೆ ಆಳು ಮುಖ ಮುಚ್ಚಿಕೊಂಡು ಅಳುತ್ತಿದ್ದ. ಕೇಳಿದರೆ ಹೇಳಲಿಲ್ಲ, ಕಾಫಿ ಮುಟ್ಟಲಿಲ್ಲ, ಎದ್ದು ಹೋದ.

“ಗೆಲ್ಲೋ ಆಟದಲ್ಲಿ ಯಾವನಾದ್ರೂ ಅಳ್ತಾನಾ? ರಾತ್ರಿಯೆಲ್ಲ ನಿದ್ದೆ ಬರ್ಲಿಲ್ಲ. ಏನ್ ಬರ್ದಿದಾನೋ ನೋಡೇಬಿಡಾಣ ಅಂತ ತೆಗೆದೆ. ನೋಡಿ, ನೀವೇ ನೋಡಿ.”

ಸೊಂಟದ ಎಲೆಯಡಿಕೆ ಸಂಚಿಯನ್ನು ಬಿಚ್ಚಿದ. ಸುಣ್ಣದ ಡಬ್ಬಿಯ ಕೆಳಗೆ ನಾಲ್ಕು ಮಡಿಕೆಯ ಚೀಟಿಯೊಂದಿತ್ತು. ಸುಟ್ಟುಹಾಕಲು ಒಲೆಯ ತನಕ ಹೋಗಿದ್ದೆ, ಅವನ ಕೈಬರಹ, ಕೈ ಬರಲಿಲ್ಲ ಎಂದ.

ಮುನಿವೆಂಕಟಪ್ಪ ಮಡಿಕೆ ಬಿಡಿಸಿದರು. ಅದೇ ಹಾಳೆ, ಅದೇ ಉರುಟು ಅಕ್ಷರ. ಕಾಲಾಳು ಇರಲಿಲ್ಲ. ಮಂತ್ರಿ ಇರಲಿಲ್ಲ. ಯಾವ ಮನೆಯ ಹೆಸರೂ ಇರಲಿಲ್ಲ.

“ಆಟ ಬಿಟ್ಟುಕೊಟ್ಟಿದ್ದೇನೆ. ಪಂಚಾಕ್ಷರಿಯವರು ಗೆದ್ದರು.”

ಕೆಳಗೆ ರುಜು. ಒಂದು ಅಕ್ಷರವೂ ನಡುಗಿರಲಿಲ್ಲ. ಆ ನಡುಗದ ಅಕ್ಷರವೇ ಅವರನ್ನು ಹೆದರಿಸಿತು. ತುಂಬ ಹೊತ್ತು ಯೋಚಿಸಿ, ಬೇರೆ ದಾರಿಯೇ ಇಲ್ಲವೆಂದು ತೀರ್ಮಾನ ಮಾಡಿಕೊಂಡವನ ಕೈ ಹೀಗಿರುತ್ತದೆ. ಅಂಥ ಕಾಗದಗಳು ಅವರ ಮೇಜಿನ ಮೇಲೆ ವರ್ಷಕ್ಕೊಂದೋ ಎರಡೋ ಬರುತ್ತಿದ್ದವು.

“ಕಾಲಾಳು ಕೊನೇ ಮನೆಗೆ ಹೋದ್ರೆ ಗೆದ್ದ ಅಂತ ಎಲ್ರೂ ಅಂತಿದ್ರು, ಅದನ್ನೇ ನಾನ್ ಬರ್ದೆ. ಗೆಲ್ಲೋನು ಯಾಕ್ ಸ್ವಾಮಿ ಹಿಂಗ್ ಬರೀತಾನೆ?” ಎಂದು ಹನುಮಯ್ಯ ಕೇಳಿದ. ಅದನ್ನೇ ಮುನಿವೆಂಕಟಪ್ಪನವರೂ ಕೇಳಿಕೊಳ್ಳುತ್ತಿದ್ದರು.

ಒಳಗೆ ಗಂಟೆ ಬಾರಿಸಿದರು. ಆರು.

*

ಯಾರೂ ಮನೆಗೆ ಹೋಗಿರಲಿಲ್ಲ. ಕಿಟಕಿಗಳಲ್ಲೂ ಜನ ನಿಂತಿದ್ದರು. ಮಣೆಯ ಎರಡು ಬದಿಯಲ್ಲಿ ಇಬ್ಬರೂ ಕೂತಿದ್ದರು. ಪಂಚಾಕ್ಷರಿ ಕಣ್ಣು ಮುಚ್ಚಿದ್ದರು. ವೆಂಕಟಗಿರಿ ತನ್ನ ಎರಡು ಕುದುರೆಗಳನ್ನು ನೋಡುತ್ತಿದ್ದ.

ಮುನಿವೆಂಕಟಪ್ಪ ಮೊದಲು ಲಕೋಟೆ ತೋರಿಸಿದರು. ಕೆಳಗಿನ ಅಂಟು ಬಿಚ್ಚಿದ್ದನ್ನು ಚನ್ನಕೇಶವ ಭೂತಗನ್ನಡಿ ಹಿಡಿದು ನೋಡಿದರು. ನಂತರ ಮೂರನೆಯ ಕುದುರೆಯ ಮಾತು. ಹಳೆಯ ಆಟ ಬಲ್ಲವನ ಕೈ ಜಾರಿದರೂ ಈ ನಡೆಗೆ ಜಾರುವುದಿಲ್ಲ ಎಂದು ಅವರು ವಿವರಿಸುವಷ್ಟರಲ್ಲಿ ಪಂಚಾಕ್ಷರಿ ಕಣ್ಣು ತೆರೆದರು.

“ಹೌದ್ರಿ. ನಮ್ಮ ಆಯಿ ನನಗ ಕಲಿಸಿದ್ದೂ ಹಂಗ. ಮೊದಲ್ನೇದ್ದು ಸಾಯಬೇಕು, ಆಮ್ಯಾಲೆ ಹುಟ್ಟಬೇಕು.” ಅವರು ತಲೆ ಆಡಿಸಿದರು. “ಇದು ನನಗ ನಾಲ್ಕಕ್ಕನ ಹೊಳೀಬೇಕಿತ್ತು.”

ಮೊದಲು ನಕ್ಕಿದ್ದ ಯುವಕ ಈಗ ಕಾಲ ಬೆರಳು ನೋಡುತ್ತಿದ್ದ.

ಚನ್ನಕೇಶವ ಕನ್ನಡಕ ತೆಗೆದು ಒರೆಸಿದರು. ಈ ಚೀಟಿ ವೆಂಕಟಗಿರಿಯವರದಲ್ಲ ಎಂದು ತೀರ್ಮಾನ ಕೊಟ್ಟರು. ಸಭೆ ಒಟ್ಟಿಗೆ ಉಸಿರು ಬಿಟ್ಟಿತು. ಚೀಟಿ ಬದಲಿಸಿದ್ದು ಯಾರು ಎಂಬ ಪ್ರಶ್ನೆಗೆ, ಅದನ್ನು ತಮಗೊಬ್ಬರಿಗೇ ಆಮೇಲೆ ಹೇಳುತ್ತೇನೆ ಎಂದರು ಮುನಿವೆಂಕಟಪ್ಪ. ಬಾಗಿಲ ಹತ್ತಿರ ನಿಂತಿದ್ದ ಹನುಮಯ್ಯ ನೆಲ ನೋಡಿದ.

“ಹಾಗಾದರೆ ಅವರು ಬರೆದದ್ದು ಏನು?” ಎಂದರು ಚನ್ನಕೇಶವ. “ಅದು ಗೊತ್ತಾಗದೆ ಆಟ ಮುಂದುವರಿಯೋ ಹಾಗಿಲ್ಲ.”

“ಅದನ್ನೇ ನಾನೂ ಅಂದದ್ದು,” ಎಂದು ಒಂದು ದನಿ ಬಂತು. “ಮೂಲ ಚೀಟಿ ತರ್ರಿ. ಓದ್ರಿ. ಮುಗೀತು.”

ದನಿ ಬಂದದ್ದು ಮೂರನೆಯ ಸಾಲಿನ ಕೊನೆಯಿಂದ. ಮುನಿವೆಂಕಟಪ್ಪ ತಿರುಗಿದರು.

ನಾಲ್ಕು ಗಂಟೆಗೆ ಖಾಲಿಯಿದ್ದ ಆ ಕುರ್ಚಿಯಲ್ಲಿ ಸಿದ್ದಬಸಪ್ಪನವರು ಕೂತಿದ್ದರು. ಕರಿ ಛತ್ರಿ ಮೊಣಕಾಲುಗಳ ನಡುವೆ. ಎರಡು ಕೈಯೂ ಬಿದಿರಿನ ಹಿಡಿಯ ಮೇಲೆ.

ಖಾನೆಯಲ್ಲಿ ಹಾಕಿಟ್ಟದ್ದೆಲ್ಲ ಒಂದೇ ಸಲ ಹೊರಗೆ ಬಂತು. ಕುದುರೆ ಎಂದು ಓದಿದಾಗ ವೆಂಕಟಗಿರಿ ಆ ಕುರ್ಚಿಯ ಕಡೆ ನೋಡಿದ್ದ. ನಾನು ಮಾತು ತಪ್ಪಿಲ್ಲ ಎಂದು ಅಲ್ಲಿ ಕೂರುವವರಿಗೆ ಹೇಳುವ ನೋಟ ಅದು; ಅವರು ಆಗ ಬೀಗದ ಕೈ ಹಿಡಿದು ವೇದಿಕೆಯ ಪಕ್ಕಕ್ಕೆ ಎದ್ದು ಹೋಗಿದ್ದರು. ಲಕೋಟೆಯೊಳಗೆ ನಡೆಯೇ ಇಲ್ಲವೆಂದು ಮೊದಲೇ ಗೊತ್ತಿದ್ದವರು ಈ ಸಭೆಯಲ್ಲಿ ಹನುಮಯ್ಯನ ಹೊರತು ಇಬ್ಬರೇ. ಬರೆದವನೊಬ್ಬ. ಬರೆಸಿದವರೊಬ್ಬರು. ಏಕೆ ಬರೆಸಿದರೋ, ಯಾವ ಹಿಡಿತದಿಂದ ಬರೆಸಿದರೋ ಮುನಿವೆಂಕಟಪ್ಪನವರಿಗೆ ಇನ್ನೂ ಗೊತ್ತಿರಲಿಲ್ಲ. ಬರೆಸಿದವರೇ, ಅದು ಕಾಣೆಯಾಯಿತೆಂದು ತಿಳಿದ ಕ್ಷಣವೇ, ಹುಡುಕಿಕೊಡಿ ಎಂದು ಮುನಿವೆಂಕಟಪ್ಪನವರನ್ನು ಮುಂದೆ ಕರೆದರು. ಇವರು ಹೋಗಿ ಹುಡುಕಿಯೂ ಬಿಟ್ಟರು.

ಮುನಿವೆಂಕಟಪ್ಪನವರ ಕೈ ಕೋಟಿನ ಜೇಬಿನಲ್ಲಿತ್ತು. ನಾಲ್ಕು ಮಡಿಕೆಯ ಕಾಗದದ ಅಂಚು ಬೆರಳಿಗೆ ತಾಗುತ್ತಿತ್ತು.

ವೆಂಕಟಗಿರಿ ಆ ಕೈಯನ್ನು ನೋಡಿದ. ಅವನಿಗೆ ತಿಳಿಯಿತು. ನಂತರ ಬಾಗಿಲ ಹತ್ತಿರ ನಿಂತಿದ್ದ ಹನುಮಯ್ಯನ ಕಡೆ, ಎರಡು ಬೆರಳಿಲ್ಲದ ಆ ಕೈಯ ಕಡೆ ನೋಡಿದ. ಎಷ್ಟೋ ಹೊತ್ತು ನೋಡಿದ. ಅವನ ಮುಖದಲ್ಲಿ ನಾಲ್ಕು ಗಂಟೆಯಿಂದ ಇದ್ದ ಬಿಗಿ ಹಾಗೆಯೇ ಉಳಿಯಿತು, ಆದರೆ ಅದು ಈಗ ಹೆದರಿದವನ ಬಿಗಿಯಾಗಿರಲಿಲ್ಲ, ಹಠ ಹಿಡಿದವನದು.

ಎದ್ದು ನಿಂತ. ಬಿಗಿಯಾದ ಕೋಟಿನ ಗುಂಡಿ ಬಿಚ್ಚಿದ.

“ನಾನು ಬರೆದದ್ದು ನಾನೇ ಹೇಳ್ತೀನಿ ಸಾರ್,” ಎಂದ. ಮಾತು ತೀರ್ಪುಗಾರರಿಗೆ, ಕಣ್ಣು ಮೂರನೆಯ ಸಾಲಿಗೆ. “ಕಾಲಾಳು ಕೊನೇ ಮನೆಗೆ. ಮಂತ್ರಿ.”

ಬಿದಿರಿನ ಹಿಡಿಯ ಮೇಲಿದ್ದ ಕೈಗಳು ಬಿಗಿದವು.

ಹಿತ್ತಿಲ ಕಡೆಯಿಂದ ಯಾರೋ ಚಪ್ಪಾಳೆ ಆರಂಭಿಸಿದರು. ಚನ್ನಕೇಶವ ಕೈ ಎತ್ತಿ ನಿಲ್ಲಿಸಿದರು. ಆಟಗಾರನ ಬಾಯಿ ಮಾತು ಸಾಲದು ಎಂದರು. ನಿಯಮ ಹಾಗಿದೆ. ಮೂಲ ಚೀಟಿ ಸಿಕ್ಕರೆ ಅದರಲ್ಲಿದ್ದದ್ದೇ ಕೊನೆ. ಸಿಗದಿದ್ದರೆ ಮಾತ್ರ ಆಟಗಾರನ ಮಾತಿಗೆ ಬೆಲೆ.

ನಂತರ ಮುನಿವೆಂಕಟಪ್ಪನವರ ಕಡೆ ತಿರುಗಿದರು.

“ನೀವು ಮೂವತ್ತು ವರ್ಷ ಇನ್ನೊಬ್ಬರ ಕಾಗದ ಓದಿದವರು. ಒಂದನ್ನೂ ಮುಚ್ಚಿಟ್ಟವರಲ್ಲ ಅಂತ ಕೇಳಿದೀನಿ. ನಿಮ್ಮ ಮಾತು ನನಗೆ ಸಾಕು. ಮೂಲ ಚೀಟಿ ನಿಮಗೆ ಸಿಕ್ಕಿದೆಯೇ?”

ವೆಂಕಟಗಿರಿ ಕೂರಲಿಲ್ಲ. ಬೇಡ ಎಂದು ಸನ್ನೆ ಮಾಡಲಿಲ್ಲ, ಬೇಡಿಕೊಳ್ಳಲಿಲ್ಲ. ಮಣೆಯ ಮೇಲಿನ ಕಾಲಾಳಿನ ತಲೆಯ ಮೇಲೆ ಬೆರಳಿಟ್ಟು ನಿಂತ, ಈಗಲೇ ನಡೆಸುವವನ ಹಾಗೆ.

ಮುನಿವೆಂಕಟಪ್ಪ ನಾಲ್ಕು ಮಡಿಕೆಯ ಚೀಟಿಯನ್ನು ಜೇಬಿನಿಂದ ಹೊರಗೆ ತೆಗೆದರು.

“ಸಿಕ್ಕಿದೆ,” ಎಂದರು.